ಮಳೆಗಾಲದ ಜಗುಲಿಯಲ್ಲಿ ಜಿಗಿಯುವ ದಾರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆಯ ನಮ್ಮಂಥ ಶಾಲೆಗಳಲ್ಲಿ ಆಟದ ಅವಧಿ ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ. ಮೈದಾನದ ತುಂಬ ನೀರು, ಹುಲ್ಲಿನಲ್ಲಿ ಜಿಗಣೆ. ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಮಧ್ಯಾಹ್ನದ ಹೊತ್ತಿಗೆ ಯಾರೂ ಕುಳಿತಲ್ಲಿ ಕೂರುವುದಿಲ್ಲ. ಗದರಿಸಿದರೆ ತುಸು ಹೊತ್ತು ಸುಮ್ಮನಾಗುತ್ತಾರೆ, ಅಷ್ಟೇ. ಕೊಠಡಿಯ ಮುಂದಿನ ಉದ್ದ ಜಗುಲಿಯಲ್ಲಿ ಸೆನ್ಸರಿ ಪಾತ್, ಅಂದರೆ ಮಕ್ಕಳ ಇಂದ್ರಿಯಗಳಿಗೆ ಕೆಲಸ ಕೊಡುವ ದಾರಿ, ಬರೆಯಲು ನಾನು ಹೊರಟಿದ್ದು ಇದಕ್ಕಾಗಿ.

ನೆಲದ ಮೇಲೂ ಗೋಡೆಯ ಮೇಲೂ ಗುರುತುಗಳಿರುತ್ತವೆ. ಮಗು ಅವನ್ನು ನೋಡುತ್ತ ಜಿಗಿದು, ತೆವಳಿ, ಗೋಡೆ ತಳ್ಳಿ ಮುಂದೆ ಸಾಗುತ್ತದೆ. ಪಂಚೇಂದ್ರಿಯಗಳ ಪಟ್ಟಿಯಲ್ಲಿ ಸೇರದ ಎರಡು ಅರಿವುಗಳಿಗೆ ಇಲ್ಲಿ ಹೆಚ್ಚು ಕೆಲಸ. ಒಂದು, ಒಳಗಿವಿಯ ಅರೆವೃತ್ತ ನಾಳಗಳು ಕೊಡುವ ಸಮತೋಲನದ ಅರಿವು. ಇನ್ನೊಂದು, ಕೈಕಾಲು ಎಲ್ಲಿವೆ, ಎಷ್ಟು ಬಲ ಬೀಳುತ್ತಿದೆ ಎಂದು ಸ್ನಾಯು ಮತ್ತು ಕೀಲುಗಳು ಮಿದುಳಿಗೆ ತಿಳಿಸುವ ಅರಿವು. ಬಿಸಿಯೂಟದ ಅಕ್ಕ ನೋಡಿ, "ಇದು ನಮ್ಮ ಕುಂಟೆಬಿಲ್ಲೆಯೇ ಅಲ್ಲವೇ ಮೇಡಂ?" ಎಂದರು. ಅರ್ಧ ನಿಜ. ಉಳಿದರ್ಧ ಇರುವುದು ಚಲನೆಗಳ ಕ್ರಮದಲ್ಲಿ.

ಜಿಗಿಯುವುದು, ಸುತ್ತುವುದು ಮಕ್ಕಳನ್ನು ಕೆರಳಿಸುತ್ತವೆ. ತಳ್ಳುವುದು, ಭಾರ ಹೊರುವುದು, ತೆವಳುವುದು ಸಾಮಾನ್ಯವಾಗಿ ತಣಿಸುತ್ತವೆ. ದಾರಿ ಜಿಗಿತದಲ್ಲೇ ಮುಗಿದರೆ ಮಕ್ಕಳು ಹೋದದ್ದಕ್ಕಿಂತ ಹೆಚ್ಚು ಗಲಾಟೆಯೊಂದಿಗೆ ಒಳಗೆ ಬರುತ್ತಾರೆ. ಆದ್ದರಿಂದ ನಮ್ಮದು ಎರಡು ಕಾಲಿನ ಜಿಗಿತದಿಂದ ಆರಂಭ. ಅನಂತರ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೆಯುವ ಅಂಕುಡೊಂಕು ಗೆರೆ, ಬೆಂಚಿನ ಕೆಳಗೆ ತೆವಳು, ಪುಸ್ತಕ ತುಂಬಿದ ಚೀಲ ಹೊತ್ತು ನಡಿಗೆ. ಕೊನೆಯಲ್ಲಿ ಗೋಡೆಯ ಮೇಲಿನ ಅಂಗೈ ಗುರುತುಗಳಿಗೆ ಕೈಯಿಟ್ಟು ಹತ್ತು ಎಣಿಸುವವರೆಗೆ ತಳ್ಳಬೇಕು, ನಿಧಾನವಾಗಿ ಮೂರು ಸಲ ಉಸಿರಾಡಬೇಕು. ನೋಡಲು ಬಂದವರು ಹೂವು, ಚಿಟ್ಟೆಗಳ ಬಣ್ಣವನ್ನು ಹೊಗಳುತ್ತಾರೆ. ನನ್ನನ್ನು ಕೇಳಿದರೆ ನಿಜವಾದ ಕೆಲಸ ಮಾಡುವುದು ಆ ಬರಿಯ ಗೋಡೆ.

ಮೊದಲು ಎಲ್ಲವನ್ನೂ ಸೀಮೆಸುಣ್ಣದಲ್ಲೇ ಬರೆದು ಮಕ್ಕಳನ್ನು ಬಿಟ್ಟು ನೋಡಿದೆ. ಎಲ್ಲಿ ಗುಂಪುಗೂಡುತ್ತಾರೆ, ಯಾವ ಹೆಜ್ಜೆ ಪುಟ್ಟ ಕಾಲಿಗೆ ದೂರವಾಗುತ್ತದೆ ಎಂದು ತಿಳಿದ ಮೇಲೆಯೇ ಬಣ್ಣ. ಎಣ್ಣೆಬಣ್ಣದ ನೆಲ ಒದ್ದೆಯಾದರೆ ಜಾರುತ್ತದೆ. ಮಲೆನಾಡಿನ ಜಗುಲಿಗೆ ಎರಚಲು ತಪ್ಪಿದ್ದಲ್ಲ. ಹೀಗಾಗಿ ಬಣ್ಣಕ್ಕೆ ಜರಡಿ ಹಿಡಿದ ಸಣ್ಣ ಮರಳು ಬೆರೆಸಿದೆವು. ಜೋರು ಮಳೆಯ ದಿನ ಜಿಗಿತದ ಭಾಗ ಬಂದ್. ತಳ್ಳುವುದು, ಹೊರುವುದು ಮಾತ್ರ.

ನಡುವೆ ಅಂಗಾಲಿಗೆ ಸ್ಪರ್ಶದ ಅನುಭವ ಸಿಗಲೆಂದು ತೆಂಗಿನ ನಾರಿನ ಚಾಪೆ, ಗೋಣಿಚೀಲ ಹಾಸಿದ್ದೇವೆ. ಒಬ್ಬ ಹುಡುಗನಿಗೆ ನಾರು ಕಂಡರಾಗದು. ಕಾಲಿಟ್ಟರೆ ಮುಖ ಕಿವುಚಿ ಅಳುತ್ತಾನೆ. ಕೆಲವು ಮಕ್ಕಳ ಚರ್ಮಕ್ಕೆ ಅಂಥ ಸ್ಪರ್ಶ ನಿಜಕ್ಕೂ ಸಹಿಸಲಾಗದ್ದು, ಅದು ಹಟವಲ್ಲ. ಅವನಿಗೆ ಚಾಪೆಯ ಪಕ್ಕದಲ್ಲೇ ಬೇರೆ ಗೆರೆ ಎಳೆದುಕೊಟ್ಟೆ. ಮೂರ್ಛೆ ಬರುವ ಮಕ್ಕಳ ವಿಷಯದಲ್ಲಿ ಪೋಷಕರನ್ನು ಕೇಳದೆ ಸುತ್ತುವ ಆಟ ಆಡಿಸುವುದಿಲ್ಲ.

ಇಬ್ಬಿಬ್ಬರಾಗಿ ಕಳುಹಿಸುತ್ತೇನೆ, ಹೆಚ್ಚಾಗಿ ಓದುವ ಅವಧಿಗೆ ಮುಂಚೆ. ತಂಟೆ ಮಾಡಿದವರಿಗೆ ದಾರಿ ನಿಲ್ಲಿಸುವ ಶಿಕ್ಷೆ ನಮ್ಮಲ್ಲಿಲ್ಲ. ಈ ದಾರಿ ಹೆಚ್ಚು ಬೇಕಾಗಿರುವುದೇ ಅವರಿಗೆ. ದಾರಿ ಮುಗಿಸಿ ಬಂದವರಲ್ಲಿ ಹಲವರು ನಿರಾಳವಾಗಿ ಕೂರುತ್ತಾರೆ. ಕೆಲವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ದಿನವೂ ಸುತ್ತುತ್ತಲೇ ಇರುವ, ಯಾವುದಕ್ಕೂ ತಣಿಯದ ಮಗುವಿನ ಹೆಸರನ್ನು ಬರೆದಿಟ್ಟುಕೊಂಡು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ತಾಯಿಯನ್ನೂ ಕರೆಸಿ ತೋರಿಸುತ್ತೇನೆ.