ಬೇ ಏರಿಯಾಗೆ ಹೊಸಬರಾ? ಕಮ್ಯುನಿಟಿ ಕಾಲೇಜಿನ ದುಡ್ಡು ಯಾರ ಕೈಯಲ್ಲಿದೆ ನೋಡಿ

ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಡಿ ಆನ್ಜಾ, ಫುಟ್‌ಹಿಲ್, ಮಿಷನ್, ಓಲೋನಿ ಅನ್ನೋ ಹೆಸರುಗಳು ಕಿವಿಗೆ ಬೀಳುತ್ತವೆ. ಎಲ್ಲವೂ ಕಮ್ಯುನಿಟಿ ಕಾಲೇಜುಗಳು, ಅಂದ್ರೆ ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜುಗಳು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ 2012ರಿಂದಲೂ ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್ ಅಷ್ಟೇ. ಹೊರಗಿನವರು ಅಂತ ಲೆಕ್ಕಕ್ಕೆ ಹಿಡಿದರೆ ಅದರ ಹಲವು ಪಟ್ಟು. ಎಚ್-4 ವೀಸಾದವರೂ (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳು) ರಾಜ್ಯದಲ್ಲಿ ಒಂದು ವರ್ಷ, ಒಂದು ದಿನ ಇದ್ದು, ಇಲ್ಲೇ ನೆಲೆಸುವ ಉದ್ದೇಶ ಇದೆ ಅಂತ ತೋರಿಸಿದರೆ ಕಡಿಮೆ ಫೀಸಿಗೆ ಅರ್ಹರಾಗಬಹುದು. ಬಾಡಿಗೆ ಕರಾರು, ತೆರಿಗೆ ಪತ್ರ ಮೊದಲ ದಿನದಿಂದಲೇ ಎತ್ತಿಡಿ.

ಫೀಸು ಇಷ್ಟು ಕಡಿಮೆ ಅಂದ್ರೆ ಉಳಿದದ್ದು ಯಾರೋ ಕೊಡ್ತಿರಬೇಕಲ್ವಾ? ರಾಜ್ಯ ಕೊಡುತ್ತದೆ, ಸುತ್ತಮುತ್ತಲಿನ ಮನೆಗಳ ಆಸ್ತಿ ತೆರಿಗೆಯೂ ಕೊಡುತ್ತದೆ. ಮನೆ ಕೊಂಡ ಮೇಲೆ ಕೌಂಟಿಯಿಂದ ಬರುವ ಬಿಲ್ಲನ್ನು ಪೂರ್ತಿ ಓದಿ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾಲೇಜು ಡಿಸ್ಟ್ರಿಕ್ಟ್‌ನ ಬಾಂಡ್ ಅಂತ ಒಂದು ಸಾಲು ಇರುತ್ತದೆ. ಡಿಸ್ಟ್ರಿಕ್ಟ್ ಅಂದ್ರೆ ಕಾಲೇಜು ನಡೆಸುವ ಸ್ಥಳೀಯ ಸರ್ಕಾರಿ ಸಂಸ್ಥೆ, ಬಾಂಡ್ ಅಂದ್ರೆ ಅದು ಎತ್ತಿದ ಸಾಲ, ತೀರಿಸುವುದು ಈ ತೆರಿಗೆಯಿಂದ.

ಇನ್ನು ಅಧಿಕಾರದಲ್ಲಿರುವವರ ವಿಷಯ. ನಮ್ಮವರ ಹಬ್ಬದ ಕಾರ್ಯಕ್ರಮಗಳಿಗೆ ಮೇಯರ್ ಬರುತ್ತಾರೆ, ಶಾಲು ಹೊದ್ದುಕೊಂಡು ಶಿಕ್ಷಣದ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಸಂತೋಷ. ಆದರೆ ಕಾಲೇಜಿನ ಬಜೆಟ್ ಅವರ ಕೈಯಲ್ಲಿಲ್ಲ. ಕ್ಯೂಪರ್ಟಿನೋ ನಗರ ಬೇರೆ, ಅಲ್ಲೇ ಇರುವ ಡಿ ಆನ್ಜಾವನ್ನು ನಡೆಸುವ ಡಿಸ್ಟ್ರಿಕ್ಟ್ ಬೇರೆ. ಡಿಸ್ಟ್ರಿಕ್ಟ್‌ಗೆ ಜನರೇ ಆರಿಸಿದ ಟ್ರಸ್ಟಿಗಳಿದ್ದಾರೆ. 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್ ಬಿಡುಗಡೆಯಾದ ಫ್ಲಿಂಟ್ ಸೆಂಟರ್ ಅನ್ನೋ ರಂಗಮಂದಿರ ಆ ಕ್ಯಾಂಪಸ್‌ನಲ್ಲೇ ಇತ್ತು. 2019ರಲ್ಲಿ ಅದನ್ನು ಮುಚ್ಚಲು ತೀರ್ಮಾನಿಸಿದ್ದು ಸಿಟಿ ಕೌನ್ಸಿಲ್ ಅಲ್ಲ, ಈ ಟ್ರಸ್ಟಿಗಳು.

ಹಾಗಂತ ಟ್ರಸ್ಟಿಗಳು ಮನಸ್ಸಿಗೆ ಬಂದಂತೆ ದುಡ್ಡು ಎತ್ತುವಂತಿಲ್ಲ, ಖರ್ಚು ಮಾಡುವಂತಿಲ್ಲ. ಮಾರ್ಚ್ 2020ರಲ್ಲಿ ಅವರು ಮತದಾರರ ಮುಂದೆ ಎರಡು ಪ್ರಸ್ತಾವ ಇಟ್ಟರು. 898 ಮಿಲಿಯನ್ ಡಾಲರ್ ಬಾಂಡಿಗೆ ಶೇ 55 ಮತ ಸಾಕಿತ್ತು, ಗೆದ್ದಿತು. ಪ್ರತಿ ಆಸ್ತಿಗೆ ವರ್ಷಕ್ಕೆ ಬರೀ 48 ಡಾಲರ್ ತೆರಿಗೆಗೆ ಮೂರನೇ ಎರಡು ಭಾಗ ಮತ ಬೇಕಿತ್ತು, ಸೋತಿತು. ಬಾಂಡ್ ದುಡ್ಡನ್ನು ಸಂಬಳಕ್ಕೆ ಬಳಸುವ ಹಾಗಿಲ್ಲ. ಅಂದ್ರೆ ಕಟ್ಟಡ ರಿಪೇರಿಗೆ ರಾಶಿ ದುಡ್ಡು, ಪಾಠ ಮಾಡುವವರಿಗೆ ಅದರಲ್ಲಿ ಒಂದು ಡಾಲರೂ ಇಲ್ಲ! ಕ್ಲಾಸ್ ಕಡಿತವಾದಾಗ "ಅಷ್ಟು ದೊಡ್ಡ ಬಿಲ್ಡಿಂಗ್ ಕಟ್ತಿದ್ದಾರಲ್ಲ" ಅಂತ ಬೈಯುವ ಮುಂಚೆ ಇದು ಗೊತ್ತಿರಲಿ.

ವೋಟು ನಾಗರಿಕರಿಗೆ ಮಾತ್ರ. ಆದರೆ ಸಭೆಯಲ್ಲಿ ಮಾತಾಡುವುದಕ್ಕೆ ಆ ನಿರ್ಬಂಧ ಇಲ್ಲ. ಟ್ರಸ್ಟಿಗಳ ಬೋರ್ಡಿನ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಲೇಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ನಿಮ್ಮ ವೀಸಾ ಯಾವುದು ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಕೆಲವೇ ನಿಮಿಷ ಸಿಗುತ್ತದೆ, ಬರೆದುಕೊಂಡು ಹೋಗಿ. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಟ್ರಸ್ಟಿಗಳು ಸುಮ್ನೆ ಕೂತಿರುತ್ತಾರೆ. ಅದು ಉದಾಸೀನ ಅಲ್ಲ. ಅದರ ಮೇಲೆ ಅಲ್ಲೇ ಚರ್ಚೆ ಮಾಡಿ ತೀರ್ಮಾನಿಸಲು ಕಾನೂನು ಬಿಡುವುದಿಲ್ಲ. ಅವರ ನಿಜವಾದ ಧೋರಣೆ ತಿಳಿಯಬೇಕಿದ್ದರೆ ಬಜೆಟ್ ಬಂದ ದಿನ ಯಾರು ಯಾವುದಕ್ಕೆ ಕೈ ಎತ್ತಿದರು ಅಂತ ನಡಾವಳಿಯಲ್ಲಿ ನೋಡಿ.

ಲೆಕ್ಕಪತ್ರದಲ್ಲಿ ಆಸಕ್ತಿ ಇದ್ದವರಿಗೆ ಇನ್ನೊಂದು ದಾರಿ ಇದೆ. ಇಂಥ ಬಾಂಡ್ ದುಡ್ಡಿನ ಖರ್ಚು ನೋಡಲು ನಾಗರಿಕರ ಮೇಲ್ವಿಚಾರಣಾ ಸಮಿತಿ ಇರಲೇಬೇಕು, ಡಿಸ್ಟ್ರಿಕ್ಟ್‌ನ ನೌಕರರು, ಗುತ್ತಿಗೆದಾರರು ಅದರಲ್ಲಿ ಕೂರುವಂತಿಲ್ಲ. ಅದರ ಸಭೆಗೂ ಯಾರು ಬೇಕಾದರೂ ಹೋಗಬಹುದು. ಜನ ಬರುವುದು ಕಡಿಮೆ, ಕುರ್ಚಿ ಧಾರಾಳವಾಗಿ ಸಿಗುತ್ತದೆ.