ಎರಡು ರೆಕ್ಕೆಯ ವಿಮಾನ ಕಟ್ಟುವವರಿಗೆ: ದಾರದ ಲೆಕ್ಕ ಮೊದಲು

ಒಂದರ ಮೇಲೊಂದು ರೆಕ್ಕೆಯಿರುವ ಬೈಪ್ಲೇನಿನ ಪ್ಲಾಸ್ಟಿಕ್ ಮಾದರಿ ಶುರುಮಾಡಿ ಅರ್ಧಕ್ಕೆ ಬಿಡುವವರು ಸಾಮಾನ್ಯವಾಗಿ ನಿಲ್ಲುವುದು ಒಂದೇ ಜಾಗದಲ್ಲಿ. ಮೇಲಿನ ರೆಕ್ಕೆ ಕೂತಿರುತ್ತದೆ, ಬಣ್ಣವೂ ಆಗಿರುತ್ತದೆ. ಇನ್ನು ರೆಕ್ಕೆಗಳ ನಡುವಿನ ತಂತಿ ಕಟ್ಟುವುದಷ್ಟೇ ಬಾಕಿ ಅಂತ ಅದರ ಬದಲಿನ ದಾರ ಕೈಗೆತ್ತಿಕೊಂಡರೆ ಬೆರಳು ಹೋಗಲು ಜಾಗವಿಲ್ಲ, ದಾರ ಸಿಕ್ಕಿಸಲು ತೂತಿಲ್ಲ. ಕಿಟ್ಟಿನ ಜೊತೆ ಬರುವ ಹಾಳೆ ಈ ಕೆಲಸವನ್ನು ಕೊನೆಯ ಪುಟದಲ್ಲಿ ಒಂದು ಚಿತ್ರ ಹಾಕಿ ಮುಗಿಸಿಬಿಡುತ್ತದೆ. ನಾನು ಅದನ್ನು ಮೊದಲ ಪುಟಕ್ಕೆ ತರುತ್ತೇನೆ. ಮುಂಬಯಿಯ ದಾದರ್‌ನಲ್ಲಿ ನನ್ನದು ಟೈಲರಿಂಗ್ ಸಾಮಾನಿನ ಅಂಗಡಿ. ದಾರ, ಗುಂಡಿ, ಜಿಪ್ಪು ಮಾರುವವನು ಎಲ್ಲವನ್ನೂ ದಾರದಿಂದಲೇ ಶುರುಮಾಡುತ್ತಾನೆ ಅಂತ ಬೇಕಾದರೆ ನಗಿ.

ಯಾವ ವಿಮಾನ ಅಂತ ಕೇಳಿದರೆ ನನ್ನ ಉತ್ತರ ಎಸ್.ಇ.5ಎ, ಅಳತೆ 1/48. ಇಂಗ್ಲೆಂಡಿನ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ರೂಪಿಸಿದ ಯುದ್ಧವಿಮಾನ ಇದು, 1917ರದ್ದು. ನಮ್ಮವನೊಬ್ಬ ಇದನ್ನು ಹಾರಿಸಿದ್ದಾನೆ: ಇಂದ್ರಲಾಲ್ ರಾಯ್, 1898ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗ. 1918ರ ಜುಲೈಯಲ್ಲಿ ಬ್ರಿಟಿಷ್ ವಾಯುಪಡೆಯ 40ನೇ ಸ್ಕ್ವಾಡ್ರನ್ನಿನಲ್ಲಿದ್ದು ಎರಡು ವಾರದೊಳಗೆ ಆಕಾಶದ ಕಾಳಗದಲ್ಲಿ 10 ಗೆಲುವು ಸಂಪಾದಿಸಿದ. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲೇ ಹೋದ. ವಯಸ್ಸು 19. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ಬಂದದ್ದು ಸತ್ತ ಮೇಲೆ. ಕಟ್ಟುವವನ ಕಣ್ಣಿನಿಂದ ನೋಡಿದರೆ ಇನ್ನೂ ಒಂದು ಕಾರಣ ಇದೆ. ಇದರ ರೆಕ್ಕೆಗಳ ನಡುವೆ ಒಂದೊಂದು ಬದಿಗೆ ಒಂದೇ ಜೋಡಿ ಕಂಬ, ಹಾಗಾಗಿ ತಂತಿಯೂ ಒಂದೇ ಅಂಕಣ. ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಶುರುವಾದದ್ದು ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿ ಬೈಪ್ಲೇನ್‌ಗಳಿಂದ. ಅದನ್ನೇ ಕಟ್ಟಬೇಕೆಂದು ಆಸೆಯಾಗುವುದು ನ್ಯಾಯವೇ. ಆದರೆ ಅದಕ್ಕೆ ಬದಿಗೆ ಎರಡೆರಡು ಅಂಕಣ, ತಂತಿಯ ಕೆಲಸ ದುಪ್ಪಟ್ಟು. ಅದು ಎರಡನೆಯದೋ ಮೂರನೆಯದೋ ಆಗಲಿ.

ಅಸಲಿ ಎಸ್.ಇ.5ಎ ರೆಕ್ಕೆಯ ತುದಿಯಿಂದ ತುದಿಗೆ 8.11 ಮೀಟರ್. 48ರಿಂದ ಭಾಗಿಸಿದರೆ ಸುಮಾರು 17 ಸೆಂಟಿಮೀಟರ್. ಡೊಂಬಿವಲಿಯ ಒಂದು ಬಿಎಚ್‌ಕೆಯಲ್ಲೂ ಇಡಲು ಜಾಗ ಸಿಗುವ ಗಾತ್ರ. 1/72ರಲ್ಲಿ ಇದೇ ವಿಮಾನ 11 ಸೆಂಟಿಮೀಟರಿಗೆ ಇಳಿಯುತ್ತದೆ. ಅಗ್ಗ ಹೌದು, ಆದರೆ ಚಾಳೀಸು ಬಂದ ಕಣ್ಣಿಗೆ ಅದು ಶಿಕ್ಷೆ.

ಈಗ ದಾರ. ವಿಮಾನದಲ್ಲಿ ತಂತಿ ಯಾಕಿದೆ ಅಂತ ತಿಳಿದರೆ ಎಲ್ಲಿಂದ ಎಲ್ಲಿಗೆ ಕಟ್ಟಬೇಕೆಂಬುದು ಮರೆಯುವುದಿಲ್ಲ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಅದು ಮಡಚಿಕೊಳ್ಳದ ಹಾಗೆ ಕೆಳಗಿನ ರೆಕ್ಕೆಯ ಬುಡದಿಂದ ಹೊರಗಿನ ಕಂಬದ ತಲೆಗೆ ಎಳೆದಿರುವುದು ಫ್ಲೈಯಿಂಗ್ ವೈರ್. ಎಸ್.ಇ.5ಎಯಲ್ಲಿ ಇದು ಜೋಡಿ. ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಕೆಳಕ್ಕೆ ಜಗ್ಗುತ್ತದೆ. ಅದನ್ನು ಹಿಡಿಯಲು ಮೇಲಿನ ರೆಕ್ಕೆಯ ನಡುವಿನಿಂದ ಹೊರಗಿನ ಕಂಬದ ಪಾದಕ್ಕೆ ಬರುವುದು ಲ್ಯಾಂಡಿಂಗ್ ವೈರ್, ಒಂಟಿ. ಎರಡೂ ಸೇರಿ ಕತ್ತರಿಯ ಆಕಾರ. ಮುಂದಿನ ಮತ್ತು ಹಿಂದಿನ ಕಂಬಗಳ ನಡುವೆ ಇನ್ನೊಂದು ಚಿಕ್ಕ ಕತ್ತರಿ.

ಅಸಲಿ ತಂತಿ ಗುಂಡಗಿನ ಸರಿಗೆಯಲ್ಲ, ಗಾಳಿ ಸೀಳಲೆಂದು ಚಪ್ಪಟೆ ಮಾಡಿದ ಉಕ್ಕಿನ ಕಡ್ಡಿ. ಅಗಲ ಕಾಲು ಇಂಚು ಅಂತ ಇಟ್ಟುಕೊಂಡರೂ 48ರಲ್ಲಿ 0.13 ಮಿಲಿಮೀಟರ್. ಹೊಲಿಗೆಯ ಕಾಟನ್ ದಾರ ಇದಕ್ಕೆ ಬೇಡವೇ ಬೇಡ. ಪಾಲಿಯೆಸ್ಟರಿಗೂ ನವಿರಾದ ಜುಂಗಿರುತ್ತದೆ, ಬಣ್ಣ ಬಿದ್ದ ಮೇಲೆ ಆ ಜುಂಗು ನಿಂತು ತೆಂಗಿನ ಹುರಿ ಕಟ್ಟಿದಂತೆ ಕಾಣುತ್ತದೆ. ಬೇಕಾದದ್ದು ಮಡಿಕೆ ಹೊಲಿಗೆ ಕಾಣಬಾರದೆಂದು ಹಾಕುವ ಒಂದೆಳೆಯ ನೈಲಾನ್ ದಾರ. ಬಿಳಿ ಮತ್ತು ಹೊಗೆ ಬಣ್ಣ ಎರಡರಲ್ಲೂ ಬರುತ್ತದೆ. ಹೊಗೆ ಬಣ್ಣದ್ದನ್ನು ಕೇಳಿ ತೆಗೆದುಕೊಂಡರೆ ಬಣ್ಣ ಹಚ್ಚುವ ಕೆಲಸವೇ ಇಲ್ಲ. ಒಂದು ರೀಲು ನಿಮ್ಮ ಜೀವಮಾನಕ್ಕೆ ಸಾಕು. ಅಂಗಡಿಯವನಾಗಿ ಈ ಮಾತು ಹೇಳಬಾರದು. ರೀಲಿನಿಂದ ಬಿಚ್ಚಿದಾಗ ಸುರುಳಿ ಸುರುಳಿಯಾಗಿರುತ್ತದೆ. ಬೇಕಾದಷ್ಟು ಉದ್ದ ಕತ್ತರಿಸಿ, ಕೆಳತುದಿಗೆ ಬಟ್ಟೆ ಕ್ಲಿಪ್ ಹಾಕಿ, ರಾತ್ರಿಯಿಡೀ ಕಿಟಕಿಯ ಸರಳಿಗೆ ತೂಗುಬಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಲೈಕ್ರಾದ ತೆಳು ಎಲಾಸ್ಟಿಕ್ ದಾರ ಒಳ್ಳೆಯದು, ಬೆರಳು ತಗುಲಿದರೂ ವಾಪಸು ಬರುತ್ತದೆ.

ತೂತು ಕೊರೆಯುವುದು ಕಿಟ್ಟಿನ ಮೊದಲ ತುಂಡು ಅಂಟಿಸುವುದಕ್ಕೂ ಮುಂಚೆ. 0.3 ಮಿಲಿಮೀಟರಿನ ಡ್ರಿಲ್ ಬಿಟ್ಟು ಮತ್ತು ಕೈಯಲ್ಲಿ ತಿರುಗಿಸುವ ಪಿನ್ ವೈಸ್ ಬೇಕು. ಝವೇರಿ ಬಜಾರಿನ ಸುತ್ತ ಚಿನಿವಾರರ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ನಾಗದೇವಿ ಸ್ಟ್ರೀಟಿಗೆ ಹೋಗಿ. ಬಿಟ್ಟು ಕೂದಲಿನಷ್ಟು ಸಪುರ, ಮುರಿಯುತ್ತದೆ. ಒಂದರ ಬದಲು ನಾಲ್ಕು ತನ್ನಿ. ಹಾಳೆಯ ಕೊನೆಯ ಪುಟದ ಚಿತ್ರ ನೋಡಿಕೊಂಡು ಸೂಜಿಯ ಮೊನೆಯಿಂದ ಗುರುತು ಚುಚ್ಚಿ, ಆಮೇಲೆ ಬಿಟ್ಟು ಇಡಿ. ಚುಚ್ಚದೆ ಕೊರೆದರೆ ಬಿಟ್ಟು ಜಾರುತ್ತದೆ. ಮೇಲಿನ ರೆಕ್ಕೆಯ ಅಡಿಭಾಗದಲ್ಲಿ ತೂತು ಅರ್ಧ ಮಾತ್ರ ಇಳಿಯಬೇಕು, ಮೇಲೆ ಹೊರಬರಬಾರದು. ಕೆಳಗಿನ ರೆಕ್ಕೆಯಲ್ಲಿ ಆರಪಾರ ಕೊರೆಯಿರಿ. ಇಡೀ ಉಪಾಯ ಇಷ್ಟೇ: ದಾರದ ಬುಡ ಮೇಲಿನ ರೆಕ್ಕೆಯಲ್ಲಿ, ತುದಿ ಕೆಳಗಿನ ರೆಕ್ಕೆಯನ್ನು ದಾಟಿ ಹೊರಗೆ.

ಅಕ್ಕನ ಮಗ ಕೇಳಿದ, "ಮಾವ, ರೆಕ್ಕೆ ಕೂರಿಸಿದ ಮೇಲೆ ಕೊರೆದ್ರೆ ಆಗುದಿಲ್ವಾ?" ಪಿನ್ ವೈಸನ್ನೇ ಅವನ ಕೈಗೆ ಕೊಟ್ಟು, ಎರಡು ರೆಕ್ಕೆಗಳ ನಡುವಿನ ಸುಮಾರು ಮೂರು ಸೆಂಟಿಮೀಟರ್ ಜಾಗದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸು ನೋಡುವಾ ಅಂದೆ. ಮತ್ತೆ ಕೇಳಲಿಲ್ಲ.

ಉಳಿದ ಜೋಡಣೆ ಬೇರೆ ಯಾವ ಪ್ಲಾಸ್ಟಿಕ್ ಕಿಟ್ಟಿನಂತೆಯೇ. ಪೈಲಟ್ ಕೂರುವ ಗೂಡಿಗೆ ಸೀಟು, ಬೆಲ್ಟು ಹಾಕಿ ಮುಚ್ಚಿ. ಅಲ್ಲಿ ವಾರಗಟ್ಟಲೆ ಕೂತರೂ ಆಮೇಲೆ ಕಾಣುವುದು ಸೀಟಿನ ಅಂಚು ಮಾತ್ರ. ಎಂಜಿನ್ ಯಾವುದೆಂದು ಮಾತ್ರ ಈಗಲೇ ತೀರ್ಮಾನಿಸಿ. ಗೇರಿನ ಹಿಸ್ಪಾನೊ ಸ್ವಿಜಾ ಇದ್ದರೆ ಪಂಖ ನಾಲ್ಕೆಲೆಯದು, ವುಲ್ಸ್‌ಲಿ ವೈಪರ್ ಇದ್ದರೆ ಎರಡೆಲೆಯದು, ಮೂತಿಯ ರೇಡಿಯೇಟರೂ ಬೇರೆ. ಕೆಲವು ಕಿಟ್ಟುಗಳಲ್ಲಿ ಎರಡೂ ತುಂಡುಗಳಿರುತ್ತವೆ, ಬೆರೆಸಿಬಿಡುವುದು ಸುಲಭ.

ಬಣ್ಣ ರೆಕ್ಕೆ ಕೂಡಿಸುವ ಮುಂಚೆ. ರೆಕ್ಕೆ, ದೇಹ, ಕಂಬ, ಎಲ್ಲ ಬಿಡಿಬಿಡಿಯಾಗಿ. ಅಸಲಿ ವಿಮಾನಕ್ಕೆ ಹೊದಿಸಿದ್ದು ಲಿನನ್ ಬಟ್ಟೆ; ಅದರ ಮೇಲೆ ಡೋಪ್ ಎಂಬ ದ್ರಾವಣ ಹಚ್ಚಿದರೆ ಬಟ್ಟೆ ಬಿಗಿಯುತ್ತದೆ. ಬಿಸಿಲಿಗೆ ಲಿನನ್ ಕೊಳೆಯದಿರಲಿ ಎಂದು ಮೇಲ್ಮೈಗೆ ಪಿ.ಸಿ.10 ಎಂಬ ಬಣ್ಣದ ಲೇಪ. ಹಳದಿ ಮಣ್ಣಿಗೆ ಒಂದಿಷ್ಟು ಕಾಡಿಗೆ ಕಲಸಿದ ಬಣ್ಣ. ಒಂದು ಬೆಳಕಲ್ಲಿ ಕಂದು, ಇನ್ನೊಂದರಲ್ಲಿ ಆಲಿವ್ ಹಸಿರು. ನಿಖರ ಛಾಯೆಗಾಗಿ ಜಗಳವಾಡುವವರು ಆಡಲಿ, ನಾನು ತಾಮಿಯಾ ಕಂಪನಿಯ ಎಕ್ಸ್‌ಎಫ್-62 ಎಂಬ ಆಲಿವ್ ಬಣ್ಣಕ್ಕೆ ತುಸು ಕಂದು ಸೇರಿಸಿ ಮುಂದೆ ಹೋಗುತ್ತೇನೆ. ಅಡಿಭಾಗಕ್ಕೆ ಬಣ್ಣದ ಲೇಪವಿರಲಿಲ್ಲ, ಬರೀ ಡೋಪ್ ಬಿದ್ದ ಲಿನನ್ನಿನ ಕೆನೆಬಣ್ಣ. ಈ ಕೆನೆಬಣ್ಣವನ್ನು ಕಲಸಿದ ಮೇಲೆ ಒಂದು ಚಿಕ್ಕ ಶೀಶೆಯಲ್ಲಿ ಎತ್ತಿಡಿ, ಕೊನೆಗೆ ಬೇಕಾಗುತ್ತದೆ. ಪಂಖದ ಮರಕ್ಕೆ ತಿಳಿ ಕಂದು ಹಚ್ಚಿ, ಒಣಗಿದ ಮೇಲೆ ಕ್ಯಾಮ್ಲಿನ್ ಎಣ್ಣೆಬಣ್ಣದ ಬರ್ಂಟ್ ಸಿಯೆನ್ನಾವನ್ನು ಒರಟು ಬ್ರಶ್ಶಿನಿಂದ ಎಳೆಯಿರಿ; ಮರದ ಗೆರೆ ತಾನಾಗಿ ಮೂಡುತ್ತದೆ. ಒಣಗಲು ದಿನಗಟ್ಟಲೆ ಬೇಕು, ಆತುರ ಬೇಡ.

ಮುಂಬಯಿಯವರಿಗೆ ಮಾತ್ರ ಹೇಳುವ ಮಾತು: ಜೂನಿನಿಂದ ಸೆಪ್ಟೆಂಬರ್ ತನಕ ಲ್ಯಾಕರ್ ಸ್ಪ್ರೇ ಮುಟ್ಟಬೇಡಿ. ಗಾಳಿಯ ತೇವ ಹಿಡಿದು ಪಾರದರ್ಶಕ ವಾರ್ನಿಶ್ ಬೆಳ್ಳಗೆ ಮಂಜು ಕಟ್ಟುತ್ತದೆ. ತಡೆಯಲಾಗದಿದ್ದರೆ ಎಸಿಯನ್ನು ಡ್ರೈ ಮೋಡಿನಲ್ಲಿ ಓಡಿಸಿ ಕೋಣೆಯ ತೇವ ಇಳಿಸಿಕೊಂಡು, ಬ್ರಶ್ಶಿನಿಂದ ಅಕ್ರಿಲಿಕ್ ಹಚ್ಚಿ. ಬಣ್ಣದ ಮೇಲೆ ಹೊಳಪಿನ ಲೇಪ ಕೊಟ್ಟು, ಅದು ಒಣಗಿದ ಮೇಲೆ ಡೆಕಾಲ್‌ಗಳನ್ನು, ಅಂದರೆ ಕಿಟ್ಟಿನ ಜೊತೆ ಬರುವ ಅಂಟಿಸುವ ಗುರುತುಗಳನ್ನು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸಿ. ದುಂಡು ಗುರುತಿನಲ್ಲಿ ಕೆಂಪು ನಡುವೆ, ನೀಲಿ ಹೊರಗೆ.

ಈಗ ಮೇಲಿನ ರೆಕ್ಕೆ. ಮೊದಲು ದಾರಗಳ ಬುಡವನ್ನು ಅದರ ತೂತುಗಳಲ್ಲಿ ಇಟ್ಟು, ಸೂಜಿಯ ತುದಿಯಿಂದ ಒಂದು ಚುಕ್ಕೆ ಫೆವಿಕ್ವಿಕ್. ತೇವವಿದ್ದರೆ ಇದು ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಕೈ ಚುರುಕಾಗಿರಬೇಕು. ದಾರಗಳು ಜೋತಾಡುತ್ತಿರುವಾಗ ಒಂದೊಂದು ಬದಿಯದನ್ನು ಟೇಪಿನಿಂದ ಕಟ್ಟು ಕಟ್ಟಿ ಸರಿಸಿಡಿ. ಕಂಬಗಳಿಗೆ ಮಾತ್ರ ಫೆವಿಕ್ವಿಕ್ ಬೇಡ. ನಿಧಾನವಾಗಿ ಹಿಡಿಯುವ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಬಳಸಿದರೆ ಸರಿಪಡಿಸಲು ಐದಾರು ನಿಮಿಷ ಸಿಗುತ್ತದೆ. ಅಂಟು ಬೀಳುವ ಜಾಗದ ಬಣ್ಣವನ್ನು ಬ್ಲೇಡಿನಿಂದ ಕೆರೆಯಿರಿ, ಇಲ್ಲದಿದ್ದರೆ ಅಂಟುವುದು ಬಣ್ಣಕ್ಕೆ, ಪ್ಲಾಸ್ಟಿಕ್ಕಿಗಲ್ಲ. ಮಕ್ಕಳ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಎರಡೂ ಕಡೆ ಒಂದೇ ಎತ್ತರಕ್ಕೆ ಪೇರಿಸಿ ರೆಕ್ಕೆಗೆ ಆಧಾರ ಕೊಡಿ. ಎಸ್.ಇ.5ಎಯ ಎರಡೂ ರೆಕ್ಕೆಗಳ ತುದಿ ಮೇಲಕ್ಕೆದ್ದಿದೆ, ಮೇಲಿನದು ಕೆಳಗಿನದಕ್ಕಿಂತ ತುಸು ಮುಂದೆ ಚಾಚಿದೆ. ಎದುರಿನಿಂದಲೂ ಬದಿಯಿಂದಲೂ ಕಣ್ಣಳತೆ ನೋಡಿ. ಆಮೇಲೆ ಇಡೀ ದಿನ ಮುಟ್ಟಬೇಡಿ.

ಮರುದಿನ ಫ್ಯಾನ್ ಆರಿಸಿ. ಬೆವರುತ್ತದೆ, ಗೊತ್ತು, ಫ್ಯಾನಿನಡಿ ನೈಲಾನ್ ದಾರ ಪೋಣಿಸಲು ಹೋದವರಿಗೆ ದೇವರೇ ಗತಿ. ಬೆವರಿನ ಬೆರಳು ಬಣ್ಣದ ಮೇಲೆ ಗುರುತು ಬಿಡುತ್ತದೆ, ತೆಳ್ಳಗಿನ ಕೈಗವಸು ಹಾಕಿ. ಚಿಮಟದಿಂದ ದಾರವನ್ನು ಕೆಳಗಿನ ರೆಕ್ಕೆಯ ತೂತಿಗೆ ಇಳಿಸಿ, ಹೊರಬಂದ ತುದಿಗೆ ಬಟ್ಟೆ ಕ್ಲಿಪ್ ತೂಗುಹಾಕಿ. ಬಲಕ್ಕೊಂದು ಹಾಕಿದರೆ ಎಡಕ್ಕೂ ಅದೇ ತೂಕದ್ದೊಂದು, ಅದೇ ಕ್ಷಣ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ರೆಕ್ಕೆ ಸೊಟ್ಟಗಾಗುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಲು ಆಗುವುದಿಲ್ಲ. ತೂಕ ಸರಿಯಿದೆ ಅನಿಸಿದ ಮೇಲೆ ಅಡಿಯಿಂದ ಚುಕ್ಕೆ ಅಂಟು ಇಟ್ಟು, ಒಣಗಿದ ಮೇಲೆ ಹೊಸ ಬ್ಲೇಡಿನಿಂದ ದಾರವನ್ನು ರೆಕ್ಕೆಗೆ ಸಮನಾಗಿ ಕತ್ತರಿಸಿ. ಎತ್ತಿಟ್ಟ ಕೆನೆಬಣ್ಣ ಈಗ ಬೇಕು: ಪ್ರತಿ ತೂತಿನ ಮೇಲೆ ಒಂದು ಹನಿ.

ಎಲ್ಲೋ ಒಂದು ದಾರ ಸಡಿಲ ಉಳಿದೇ ಉಳಿಯುತ್ತದೆ. ಊದುಬತ್ತಿ ಹಚ್ಚಿ, ಕೆಂಡವನ್ನು ದಾರದಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ಉದ್ದಕ್ಕೂ ಸಾಗಿಸಿ. ನೈಲಾನ್ ಕುಗ್ಗಿ ಬಿಗಿಯುತ್ತದೆ. ನಿಂತರೆ ಕರಗಿ ತುಂಡಾಗುತ್ತದೆ, ಕೈ ಓಡುತ್ತಿರಲಿ.

ಇನ್ನು ಉಳಿದದ್ದು ಚಿಲ್ಲರೆ ಕೆಲಸ. ಗಾಳಿತಡೆಯ ಗಾಜಿಗೆ ಫೆವಿಕ್ವಿಕ್ ಹಾಕಿದರೆ ಹಬೆಗೆ ಮಸುಕಾಗುತ್ತದೆ, ಬಿಳಿ ಫೆವಿಕಾಲ್ ಹಾಕಿ. ಮೇಲಿನ ರೆಕ್ಕೆಯ ಲೂಯಿಸ್ ಮಷಿನ್ ಗನ್ ಬಾಗಿದ ಹಳಿಯೊಂದರ ಮೇಲೆ ಕೂರುತ್ತದೆ. ಗುಂಡಿನ ತಟ್ಟೆ ಬದಲಿಸಲು ಪೈಲಟ್ ಅದನ್ನು ಹಳಿಯ ಮೇಲೆ ಹಿಂದಕ್ಕೆ ಜಾರಿಸಿಕೊಳ್ಳುತ್ತಿದ್ದ, ಹಾಗೆ ಕೆಳಗಿಳಿಸಿ ತೋರಿಸಿದರೂ ತಪ್ಪಲ್ಲ. ಹಳಿ ಗಟ್ಟಿಯಾಗಿ ಕೂತ ಮೇಲೆ ಗನ್ ಇಡಿ.

ಸ್ನೇಹಿತರಿಗೆ ತೋರಿಸಲು ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಬೂಟಿನ ಡಬ್ಬಿಯ ತಳಕ್ಕೆ ಥರ್ಮಾಕೋಲ್ ಅಂಟಿಸಿ, ಚಕ್ರಗಳ ಅಚ್ಚನ್ನು ಟೇಪಿನ ಪಟ್ಟಿಯಿಂದ ಅದಕ್ಕೆ ಬಿಗಿಯಿರಿ. ರೆಕ್ಕೆಗೆ ಡಬ್ಬಿಯ ಯಾವ ಗೋಡೆಯೂ ತಾಗಬಾರದು. ಮತ್ತೆ, ಬೆಳಗಿನ ಡೊಂಬಿವಲಿ ಫಾಸ್ಟ್ ಬೇಡ, ಮಧ್ಯಾಹ್ನದ ಸ್ಲೋ ಹಿಡಿಯಿರಿ.