ಜಿಯೋಕ್ಯಾಶ್ ಅಂಗಳದೊಳಗೆ ಬೇಡ, ಕಾಂಪೌಂಡ್ ಗೋಡೆಯಲ್ಲಿರಲಿ
ಉಡುಪಿಯಲ್ಲಿ ಸ್ವಂತ ಮನೆಯೆದುರು ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಹುಡುಕುವ ಆಟದ ಗುಟ್ಟಿನ ಡಬ್ಬಿ) ಅಡಗಿಸುವವರು ಸಾರಣೆ ಮಾಡದ ಮುರಕಲ್ಲಿನ ಕಾಂಪೌಂಡ್ ಗೋಡೆಯ ರಸ್ತೆ ಬದಿಯ ತೂತನ್ನೇ ಬಳಸಿ. ಬಿಗಿ ಮುಚ್ಚಳದ ಸಣ್ಣ ಡಬ್ಬಿಯ ಬಾಯಿ ತುಸು ಕೆಳಕ್ಕೆ ಬಾಗಿರಲಿ. ಮುರಕಲ್ಲಿನಲ್ಲಿ ತೂತು ಸಹಜ, ಯಾರಿಗೂ ಸಂಶಯ ಬರುವುದಿಲ್ಲ. ತೆಂಗಿನ ಮರಗಳ ನಡುವೆ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ತೋರಿಸುತ್ತದೆ; ಹುಡುಕುವವರು ಅಂಗಳಕ್ಕೆ ನುಗ್ಗಿ ಮಲ್ಲಿಗೆ ಗಿಡ ತುಳಿಯದಂತೆ ‘ಗೇಟು ತೆರೆಯಬೇಕಾಗಿಲ್ಲ’ ಎಂದು ಆಟದ ಜಾಲತಾಣದ ವಿವರಣೆಯಲ್ಲೇ ಬರೆಯಿರಿ. ಡಬ್ಬಿಯೊಳಗೆ, ಹುಡುಕಿದವರು ಹೆಸರು ಬರೆಯುವ ಕಾಗದದ ಜೊತೆ ಪೆನ್ಸಿಲ್ ಇಡಿ, ತೇವಕ್ಕೆ ಶಾಯಿ ಹರಡುತ್ತದೆ. ನಮ್ಮ ಆಟಿ ತಿಂಗಳ ಮಳೆಗೆ ಯಾವ ಡಬ್ಬಿಯನ್ನೂ ಪೂರ್ತಿ ನಂಬಬೇಡಿ, ಆಗಾಗ ಕಾಗದ ಬದಲಿಸಿ. ಸಾರಣೆಯಾದ ಗೋಡೆಗೆ ಈ ಉಪಾಯ ನಡೆಯದು. 161 ಮೀಟರ್ ಒಳಗೆ ಬೇರೆ ಜಿಯೋಕ್ಯಾಶ್ ಇದ್ದರೂ ಜಾಲತಾಣದವರ ಅನುಮತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ.